ಬೈಕುಲಾ: ಕಲ್ಲಿನ ಮೇಲೆ ಹೆಸರಿಲ್ಲದವರು

ಸೆಂಟ್ರಲ್ ಲೈನಿನಲ್ಲಿ ಓಡಾಡುವ ನಮ್ಮಲ್ಲಿ ಹೆಚ್ಚಿನವರಿಗೆ ಬೈಕುಲಾ ಎಂದರೆ ದಾದರ್ ದಾಟಿದ ಮೇಲೆ ಫಾಸ್ಟ್ ಲೋಕಲ್ ಒಂದು ಗಳಿಗೆ ನಿಲ್ಲುವ ಜಾಗ. ಇಳಿಯುವುದೇನಿದ್ದರೂ ಮಕ್ಕಳಿಗೆ ರಾಣಿಬಾಗಿನ ಪೆಂಗ್ವಿನ್ ತೋರಿಸಲಿಕ್ಕೆ. ಕಳೆದ ಚಳಿಗಾಲದಲ್ಲಿ ಮೂರು ಭಾನುವಾರ ನಾನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅಲ್ಲಿ ಇಳಿದು ಸುಮ್ಮನೆ ನಡೆದೆ. ಸುಮ್ಮನೆ ಎಂದರೂ ಮನಸ್ಸಿನಲ್ಲಿ ಒಂದು ಪ್ರಶ್ನೆ ಇತ್ತು. ಪಾರಸಿ, ಯಹೂದಿ, ಕ್ರೈಸ್ತ, ಮುಸ್ಲಿಂ, ಮರಾಠಿ ಎಲ್ಲರೂ ಸೇರಿ ಕಟ್ಟಿದ ಈ ಪೇಟೆಯಲ್ಲಿ ಹೆಂಗಸರು ಎಲ್ಲಿದ್ದಾರೆ?

ಮರಾಠಿಯಲ್ಲಿ ಈ ಜಾಗ ಭಾಯಖಳಾ. ಬಹಾವಾ ಮರಗಳಿದ್ದ ಖಳ, ಅದರಿಂದ ಈ ಹೆಸರು ಎಂಬುದು ಒಂದು ವಿವರಣೆ. ಬಹಾವಾ ಎಂದರೆ ನಮ್ಮ ಕಕ್ಕೆ ಮರ, ಖಳ ಎಂದರೆ ನಮ್ಮ ಕಣ. ಕಕ್ಕೆಯ ಹಳದಿ ಹೂವು ಉದುರಿದ ಕಣದ ಮೇಲೆ ಬ್ರಿಟಿಷರ ಬಂಗಲೆಗಳು ಬಂದವು. 1833ರಲ್ಲಿ ಬೈಕುಲಾ ಕ್ಲಬ್ ಬಂತು, ಕುದುರೆ ಪಂದ್ಯ ನಡೆಯಿತು. ಆಮೇಲೆ ಪಾರಸಿ ಮತ್ತು ಬಾಗ್ದಾದಿ ಯಹೂದಿ ಸಾಹುಕಾರರ ಮಹಲುಗಳು, ಅವುಗಳ ಹಿಂದೆಯೇ ಬಟ್ಟೆ ಗಿರಣಿ, ಚಾಳು, ಕೊಂಕಣದ ಕಾರ್ಮಿಕರು, ಪಕ್ಕದ ಮದನಪುರಕ್ಕೆ ಉತ್ತರ ಪ್ರದೇಶದ ನೇಕಾರರು.

ಮೊದಲ ಫೋಟೊ ಸ್ಟೇಷನ್ನಿನದೇ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ರೈಲು ಈ ದಾರಿಯಲ್ಲೇ ಹೋಯಿತು. ಈಗಿನ ಕಲ್ಲು ಕಟ್ಟಡ 1857ರದು. ಕೆಲವು ವರ್ಷಗಳ ಹಿಂದಿನವರೆಗೂ ಅದು ಬಣ್ಣದ ಮೇಲೆ ಬಣ್ಣ ಬಳಿದು, ತಗಡು ಹೊಡೆದು, ಮುಖವೇ ಕಾಣದ ಹಾಗಿತ್ತು. ಅದನ್ನು ಮತ್ತೆ ಕಾಣುವಂತೆ ಮಾಡಿದ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ. 2022ರಲ್ಲಿ ಈ ಕೆಲಸಕ್ಕೆ ಯುನೆಸ್ಕೊದ ಏಷ್ಯಾ–ಪೆಸಿಫಿಕ್ ಪ್ರಶಸ್ತಿ ಬಂತು. ಹೊರಗೆ ಬಂದರೆ ತರಕಾರಿ ಮಾರುವ ಹೆಂಗಸರ ಸಾಲು. ಒಬ್ಬ ಅಜ್ಜಿಯ ಮುಂದೆ ಕ್ಯಾಮೆರಾ ಎತ್ತಿದಾಗ ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟೆ: "ಮೊದಲು ಮೆಂತ್ಯೆ ತಗೋ, ಆಮೇಲೆ ಫೋಟೊ." ಎರಡು ಕಟ್ಟು ಕೊಂಡೆ. ಅವರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಮೂರು ವಾರದಲ್ಲಿ ತೆಗೆದ ಚಿತ್ರಗಳಲ್ಲಿ ನನಗೆ ತೀರಾ ಇಷ್ಟವಾದದ್ದು ಅದೇ.

ಪಶ್ಚಿಮಕ್ಕೆ ನಡೆದರೆ ಫ್ಲೈಓವರಿನ ಎರಡು ಕವಲುಗಳ ನಡುವೆ ಖಡಾ ಪಾರಸಿ, ಅಂದರೆ ನಿಂತಿರುವ ಪಾರಸಿ. ಎತ್ತರದ ಎರಕದ ಕಬ್ಬಿಣದ ಕಂಬ, ತುದಿಯಲ್ಲಿ ಸೇಠ್ ಕರ್ಸೆಟ್‌ಜಿ ಮಾಣಿಕ್‌ಜಿ ಅವರ ಮೂರ್ತಿ, ಬುಡದಲ್ಲಿ ದೀಪ ಹಿಡಿದ ನಾಲ್ವರು ಮತ್ಸ್ಯಕನ್ಯೆಯರು. ಬೀದಿಯಲ್ಲಿ ನನಗೆ ಸಿಕ್ಕ ಮೊದಲ ಹೆಣ್ಣು ಮೂರ್ತಿಗಳು ಒಬ್ಬ ಗಂಡಸಿನ ಕಾಲ ಕೆಳಗೆ ದೀಪ ಹಿಡಿದು ನಿಂತಿದ್ದವು! ನಗು ಬಂತು. ಆದರೆ ಈ ಕಂಬ ನಿಲ್ಲಿಸಿದ ಮಗ ಮಾಣಿಕ್‌ಜಿ ಕರ್ಸೆಟ್‌ಜಿಯ ಕಥೆ ಓದಿದ ಮೇಲೆ ನಗು ಕಡಿಮೆಯಾಯಿತು. ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸಬೇಕೆಂದು ಹಟ ಹಿಡಿದವರು ಅವರು. ತಮ್ಮ ಮನೆಯಲ್ಲೇ ಪಾಠ ಶುರುಮಾಡಿಸಿದರು. ಅದು 1863ರಲ್ಲಿ ಅಲೆಕ್ಸಾಂಡ್ರಾ ಹುಡುಗಿಯರ ಶಾಲೆಯಾಯಿತು. ಅಪ್ಪನಿಗೆ ಕಂಬ ಕಟ್ಟಿಸಿದ್ದನ್ನು ಊರು ನೆನಪಿಟ್ಟುಕೊಂಡಿದೆ, ಶಾಲೆಯನ್ನು ಅಷ್ಟಾಗಿ ಇಲ್ಲ.

ಅಲ್ಲಿಂದ ಸರ್ ಜೆ.ಜೆ. ರಸ್ತೆಗೆ ಬಂದರೆ ನೀಲಿ ಬಣ್ಣದ ಮಾಗೆನ್ ಡೇವಿಡ್ ಸಿನಗಾಗ್. ಬಾಗ್ದಾದಿನಿಂದ ಬಂದು ಇಲ್ಲಿ ನೆಲೆಯೂರಿದ ಡೇವಿಡ್ ಸಸೂನ್ 1860ರ ದಶಕದಲ್ಲಿ ಕಟ್ಟಿಸಿದ್ದು. ಈಗ ಪ್ರಾರ್ಥನೆಗೆ ಬರುವ ಯಹೂದಿಗಳು ಬೆರಳೆಣಿಕೆಯಷ್ಟು. ಪಕ್ಕದ ಸಸೂನ್ ಶಾಲೆಯಲ್ಲಿ ಓದುವವರಲ್ಲಿ ಹೆಚ್ಚಿನವರು ಮುಸ್ಲಿಂ ಮಕ್ಕಳು. ಸಸೂನರ ದಾನಧರ್ಮದ ಫಲಕಗಳು ಮುಂಬಯಿ, ಪುಣೆ ಎರಡರಲ್ಲೂ ಎಲ್ಲಿ ನೋಡಿದರಲ್ಲಿ ಸಿಗುತ್ತವೆ. ಆ ಹಣದಲ್ಲಿ ಚೀನಾಕ್ಕೆ ಸಾಗಿಸಿದ ಅಫೀಮಿನ ಪಾಲೂ ದೊಡ್ಡದಿತ್ತು ಎಂಬುದು ಯಾವ ಫಲಕದಲ್ಲೂ ಇಲ್ಲ.

ಈ ಮನೆತನದಲ್ಲಿ ನಾವು ತಿಳಿದಿರಬೇಕಾದ ಹೆಣ್ಣುಮಗಳು ಫ್ಲೋರಾ ಸಸೂನ್. 1859ರಲ್ಲಿ ಮುಂಬಯಿಯಲ್ಲೇ ಹುಟ್ಟಿದವರು, ಡೇವಿಡ್ ಸಸೂನರ ಮಗ ಸೊಲೊಮನ್‌ರನ್ನು ಮದುವೆಯಾದರು. 1894ರಲ್ಲಿ ಗಂಡ ತೀರಿಕೊಂಡಾಗ ಸೆರಗು ಎಳೆದುಕೊಂಡು ಒಳಗೆ ಕೂರಲಿಲ್ಲ, ಮುಂಬಯಿಯ ವ್ಯಾಪಾರವನ್ನು ಕೈಗೆ ತೆಗೆದುಕೊಂಡು ಕೆಲವು ವರ್ಷ ನಡೆಸಿದರು. ಆ ಕಾಲದಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿ ಕಾಲರಾ ಲಸಿಕೆ ಹಿಡಿದು ಭಾರತಕ್ಕೆ ಬಂದಿದ್ದರು. ಸೂಜಿ ಎಂದರೆ ಜನ ಹತ್ತಿರ ಬರುತ್ತಿರಲಿಲ್ಲ. ಫ್ಲೋರಾ ಅವರ ಬೆನ್ನಿಗೆ ನಿಂತರು, ಜನರ ಅಂಜಿಕೆ ಹೋಗಲಿ ಎಂದು ತಾವೇ ತೋಳು ಚಾಚಿ ಚುಚ್ಚಿಸಿಕೊಂಡರು.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಬೈಕುಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಪುಟ್ಟ ಪ್ರಯೋಗಶಾಲೆಯಲ್ಲಿ ಹಾಫ್ಕಿನ್ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ಆಮೇಲೆ ಇಲ್ಲಿನ ಬೈಕುಲಾ ಜೈಲಿನಲ್ಲಿ, ಒಪ್ಪಿದ ಕೈದಿಗಳಿಗೆ ಕೊಟ್ಟು ನೋಡಿದರು. ಇದು ನಮ್ಮ ಕಡೆಗೂ ಸೇರಿದ ಕಥೆ. 1898ರಲ್ಲಿ ಹುಬ್ಬಳ್ಳಿ–ಧಾರವಾಡದಲ್ಲಿ ಪ್ಲೇಗ್ ಹಬ್ಬಿದಾಗ ಸಾವಿರಾರು ಜನ ತೆಗೆದುಕೊಂಡದ್ದು ಇದೇ ಲಸಿಕೆ. ಅದೇ ವರ್ಷ ಬೆಂಗಳೂರಿಗೂ ಪಿಡುಗು ಮುಟ್ಟಿತು, ಅಲ್ಲಿ ಪ್ಲೇಗಮ್ಮನ ಗುಡಿಗಳೆದ್ದವು, ಮಲ್ಲೇಶ್ವರ, ಬಸವನಗುಡಿಯಂಥ ಹೊಸ ಬಡಾವಣೆಗಳು ಬೆಳೆದವು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆ ನಮ್ಮ ಮನೆಯಲ್ಲೂ ಇತ್ತು. ಅಜ್ಜಿ ಅದನ್ನು ಹೇಳುವಾಗಲೆಲ್ಲ ದನಿ ಇಳಿಸುತ್ತಿದ್ದಳು.

ಜೈಲಿನ ಗೋಡೆಯ ಮುಂದೆ ಕ್ಯಾಮೆರಾವನ್ನು ಚೀಲದಲ್ಲಿಟ್ಟೆ. ಅಲ್ಲಿ ಫೋಟೊ ತೆಗೆಯುವಂತಿಲ್ಲ, ತೆಗೆಯಬೇಕು ಎನಿಸಲೂ ಇಲ್ಲ. ಈಗ ಇಲ್ಲಿ ಹೆಂಗಸರನ್ನು ಇಡುತ್ತಾರೆ. ಜೆ.ಜೆ. ಆಸ್ಪತ್ರೆಯ ಆವರಣದಲ್ಲಿ ಮಾತ್ರ ಒಂದು ಹೆಣ್ಣಿನ ಹೆಸರು ಕಟ್ಟಡಕ್ಕೇ ಇದೆ: ಬಾಯಿ ಮೋಟ್ಲಿಬಾಯಿ. ವಾಡಿಯಾ ಮನೆತನದ ಈ ಪಾರಸಿ ವಿಧವೆ 19ನೇ ಶತಮಾನದ ಕೊನೆಯಲ್ಲಿ ಹೆರಿಗೆ ಆಸ್ಪತ್ರೆಗೆಂದು ದೊಡ್ಡ ಮೊತ್ತ ಕೊಟ್ಟರು.

ಮೂರನೆಯ ಭಾನುವಾರ ಪೂರ್ವದ ಕಡೆಗೆ. ಗ್ಲೋರಿಯಾ ಮಾತೆಯ ಚರ್ಚಿನ ಎದುರು ಐದು ನಿಮಿಷ ನಿಂತು ರಾಣಿಬಾಗಿಗೆ ಹೋದೆ. ವಿಕ್ಟೋರಿಯಾ ರಾಣಿಯ ಹೆಸರಿನ ಈ ತೋಟವನ್ನು 1862ರಲ್ಲಿ ಗವರ್ನರರ ಹೆಂಡತಿ ಲೇಡಿ ಫ್ರೇರ್ ತೆರೆದರು. ಈಗ ಅದು ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ. ಆದರೂ ಟ್ಯಾಕ್ಸಿಯವರ ಬಾಯಲ್ಲಿ ಇನ್ನೂ ರಾಣಿಬಾಗೇ. ಕಾಲಾ ಘೋಡಾದಿಂದ 1965ರಲ್ಲಿ ಎತ್ತಿ ತಂದ ಏಳನೇ ಎಡ್ವರ್ಡನ ಕುದುರೆಯೂ ಇಲ್ಲೇ ಇದೆ. ಪಕ್ಕದ ಮ್ಯೂಸಿಯಂ ಡಾ. ಭಾವು ದಾಜಿ ಲಾಡ್ ಅವರ ಹೆಸರಿನದು, ಅವರೂ ಹೆಣ್ಣುಮಕ್ಕಳ ಶಾಲೆಗಳಿಗಾಗಿ ದುಡಿದವರೇ. ಸೋರುತ್ತ, ಧೂಳು ಹಿಡಿಯುತ್ತ ಕುಸಿಯುತ್ತಿದ್ದ ಆ ಮ್ಯೂಸಿಯಂ ದುರಸ್ತಿಯ ಹಿಂದೆ ಇಂಟ್ಯಾಕ್‌ನ ತಸ್ನೀಮ್ ಜಕಾರಿಯಾ ಮೆಹ್ತಾ ಇದ್ದರು. ಅದು 2008ರಲ್ಲಿ ಮತ್ತೆ ತೆರೆಯಿತು.

ತೋಟವನ್ನು ಉಳಿಸಿಕೊಂಡದ್ದು ಇನ್ನೂ ದೊಡ್ಡ ಕಥೆ. 2007ರ ಸುಮಾರಿಗೆ ನೂರಾರು ಕೋಟಿ ರೂಪಾಯಿಯ ಹೊಸ ಮೃಗಾಲಯದ ಯೋಜನೆ ಬಂತು. ಪ್ರಾಣಿಗಳಿಗೆ ಜಾಗ ಮಾಡಲು ಹೋದರೆ ಮೂರು ಸಾವಿರಕ್ಕೂ ಹೆಚ್ಚು ಮರಗಳ ಈ ಸಸ್ಯತೋಟದ ಗತಿಯೇನು ಎಂದು ಎದ್ದು ನಿಂತದ್ದು ಕೆಲವೇ ಮಂದಿ ಹೆಂಗಸರು. ಒಂದೊಂದು ಮರದ ಹೆಸರು ಗುರುತಿಸಿದರು, ಅರ್ಜಿ ಹಾಕಿದರು, ಕಚೇರಿಯಿಂದ ಕಚೇರಿಗೆ ವರ್ಷಗಟ್ಟಲೆ ತಿರುಗಿದರು, ಶಾಲೆಯ ಮಕ್ಕಳನ್ನು ಕರೆತಂದು ಮರ ತೋರಿಸಿದರು. ಆ ಯೋಜನೆ ಮೊದಲಿನ ರೂಪದಲ್ಲಿ ಮುಂದೆ ಹೋಗಲಿಲ್ಲ.

ಅವರು ಉಳಿಸಿದ ಮರಗಳಲ್ಲಿ ಊರ್ವಶಿಯೂ ಒಂದು. ಕೆಂಪು ಹೂವಿನ ಗೊಂಚಲು ತೂಗಾಡುವ ಇದು ಬರ್ಮಾದ ಮರ, ಸಸ್ಯಶಾಸ್ತ್ರದ ಹೆಸರು ಆಮ್ಹರ್ಸ್ಟಿಯಾ. ಲೇಡಿ ಆಮ್ಹರ್ಸ್ಟ್ ಮತ್ತು ಅವರ ಮಗಳ ನೆನಪಿಗೆ ಇಟ್ಟ ಹೆಸರದು. ಮರಾಠಿಯವರು ಗೋರಖ ಚಿಂಚ್ ಎನ್ನುವ ಆಫ್ರಿಕಾದ ಬಾವೊಬಾಬ್ ಕೂಡ ಇಲ್ಲಿದೆ. ಹಾವೇರಿ ಕಡೆಯವರಿಗೆ ಅದನ್ನು ಪರಿಚಯಿಸಬೇಕಿಲ್ಲ, ಸವಣೂರಿನ ದೊಡ್ಡ ಹುಣಸೆ ಮರಗಳು ಇದೇ ಜಾತಿಯವು. ಆನೆಯ ಕಾಲಿನಂಥ ಆ ಬೊಡ್ಡೆಯನ್ನು ಒಂದೇ ಚಿತ್ರದಲ್ಲಿ ಹಿಡಿಯಲು ನಾನು ಹಿಂದೆ ಹಿಂದೆ ಸರಿಯುತ್ತ ದಾರಿಯ ಅಂಚಿಗೇ ಬಂದಿದ್ದೆ.

ನೀವೂ ಹೋಗುವುದಿದ್ದರೆ ಬುಧವಾರ ಬೇಡ. ತೋಟ, ಮ್ಯೂಸಿಯಂ ಎರಡೂ ಆ ದಿನ ಮುಚ್ಚಿರುತ್ತವೆ. ಬೆಳಿಗ್ಗೆ ಬೇಗ ಇಳಿದರೆ ತರಕಾರಿಯೂ ತಾಜಾ ಸಿಗುತ್ತದೆ.