ಹೊಯ್ಸಳ ಶಿಲ್ಪದಲ್ಲಿ ಕಲೆ ಮತ್ತು ವಿಜ್ಞಾನ

ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು, ಅರಸೀಕೆರೆಗಳ ಹೊಯ್ಸಳ ದೇವಾಲಯಗಳನ್ನು ಕಟ್ಟಿದವರು ಕಲ್ಲಿನ ಗುಣವನ್ನೂ ರೇಖಾಗಣಿತವನ್ನೂ ಚೆನ್ನಾಗಿ ಬಲ್ಲ ಶಿಲ್ಪಿಗಳು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ, ಹೊಯ್ಸಳ ದೊರೆ ವಿಷ್ಣುವರ್ಧನನಿಂದ ಆಯಿತು. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸವೂ ಅವನ ಕಾಲದಲ್ಲೇ ಮೊದಲಾಯಿತು. ಅರಸೀಕೆರೆಯ ಈಶ್ವರ ದೇವಾಲಯ ಸುಮಾರು 1220ರದು.

ಇವುಗಳಲ್ಲಿ ಬಳಸಿರುವುದು ಬಳಪದ ಕಲ್ಲು. ಅದರಲ್ಲಿರುವ ಕ್ಲೋರೈಟ್, ಟಾಲ್ಕ್ ಖನಿಜಗಳು ಮೃದುವಾದವು, ಕಣಗಳು ನಯವಾದವು. ಆದ್ದರಿಂದ ಮದನಿಕೆಯ ಬೆರಳುಂಗುರವನ್ನೂ ಉಳಿಯಲ್ಲಿ ಬಿಡಿಸಬಹುದು. ಮರಳುಗಲ್ಲನ್ನು ಬಿಟ್ಟು ಈ ಕಲ್ಲಿಗೆ ತಿರುಗುವ ವಾಡಿಕೆಯನ್ನು 11ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು ಆಗಲೇ ಆರಂಭಿಸಿದ್ದರು. ಕಲ್ಲನ್ನು ಪರೀಕ್ಷಿಸುವ ಎಚ್ಚರ ಜನರ ನೆನಪಿನಲ್ಲೂ ಉಳಿದಿದೆ. ವಿಗ್ರಹಕ್ಕೆ ಬಳಿದ ಗಂಧ ಒಂದೇ ಕಡೆ ಒಣಗದೆ ಉಳಿದು, ಅಲ್ಲಿ ಕೆತ್ತಿದಾಗ ನೀರೂ ಕಪ್ಪೆಯೂ ಹೊರಬಂದವೆಂಬ, ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ಐತಿಹ್ಯವೇ ಆದರೂ, ಕಲ್ಲಿನೊಳಗಿನ ದೋಷವನ್ನು ಮೇಲ್ಮೈಯ ತೇವದಿಂದ ಗುರುತಿಸುವ ಒಂದು ಉಪಾಯ ಅದರಲ್ಲಿದೆ.

ಗರ್ಭಗುಡಿಯ ವಿಮಾನಗಳ ನಕ್ಷತ್ರಾಕಾರದ ತಲವಿನ್ಯಾಸದಲ್ಲಿ ಶಿಲ್ಪಿಗಳ ರೇಖಾಗಣಿತದ ಲೆಕ್ಕಾಚಾರ ಕಣ್ಣಿಗೇ ಕಾಣುತ್ತದೆ. ಒಂದು ಚೌಕವನ್ನು ಅದರ ಕೇಂದ್ರದ ಸುತ್ತ 22.5 ಡಿಗ್ರಿಯಂತೆ ಮೂರು ಬಾರಿ ತಿರುಗಿಸಿ ಎಳೆದರೆ, ನಾಲ್ಕು ಚೌಕಗಳ ಮೂಲೆಗಳು ಸೇರಿ 16 ಮೊನೆಗಳ ನಕ್ಷತ್ರವಾಗುತ್ತದೆ. ಗೂಟ, ದಾರ ಇದ್ದರೆ ಸಾಕು, ನೆಲದ ಮೇಲೆ ಅದನ್ನು ಬಿಡಿಸಬಹುದು. ಗೋಡೆ ಹೀಗೆ ಮಡಿಚಿದಾಗ ಶಿಲ್ಪಕ್ಕೆ ಹೆಚ್ಚು ಜಾಗ ಸಿಗುತ್ತದೆ. ಸೂರ್ಯ ಸರಿದಂತೆಲ್ಲ ಬೇರೆ ಬೇರೆ ಮುಖಗಳ ಮೇಲೆ ಬೆಳಕು ಬೀಳುತ್ತದೆ. ಅರಸೀಕೆರೆಯ ಶಿಲ್ಪಿಗಳು ಇನ್ನೂ ಮುಂದೆ ಹೋದರು. ಗರ್ಭಗುಡಿಯ ಜೊತೆಗೆ ಮುಂದಿನ ತೆರೆದ ಮಂಟಪವನ್ನೂ ನಕ್ಷತ್ರಾಕಾರದಲ್ಲೇ ಕಟ್ಟಿ, ಅದರ ಮೇಲೆ ಗುಮ್ಮಟದಂಥ ಒಳಮಾಳಿಗೆಯನ್ನು ಕೂರಿಸಿದರು. ಗೋಡೆಯ ಆಸರೆಯಿಲ್ಲದೆ, ಕಂಬ ಮತ್ತು ತೊಲೆಗಳ ಮೇಲೆಯೇ ನಿಂತ ಇಂಥ ರಚನೆ ಹೊಯ್ಸಳರಲ್ಲೂ ಅಪರೂಪ. ನೋಡುಗರ ಗಮನ ಇದಕ್ಕೆ ಇನ್ನಷ್ಟು ಸಲ್ಲಬೇಕು.

ಕಂಬಗಳ ದುಂಡನೆಯ ಭಾಗ, ಅದರ ಸುತ್ತಲಿನ ಏರಿಳಿತದ ಬಳೆಗಳು, ಗಂಟೆಯಾಕಾರದ ಅಂಗಗಳು ಚರಕಿಯಲ್ಲಿ, ಅಂದರೆ ಲೇತ್‌ನಲ್ಲಿ, ತಿರುಗಿಸಿ ಕಡೆದವು. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಕನ್ನಡಿಯಂಥ ಹೊಳಪಿದೆ. ಎದುರು ನಿಂತವರ ಮುಖ ಅದರಲ್ಲಿ ಕಾಣುತ್ತದೆ.

ಈ ಶಿಲ್ಪಿಗಳು ಅನಾಮಿಕರಾಗಿ ಉಳಿಯಲಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನ ಮದನಿಕೆಗಳ ಪೀಠದಲ್ಲಿ ತಮ್ಮ ಹೆಸರನ್ನು ಕೊರೆದಿದ್ದಾರೆ. ಜಕಣಾಚಾರಿ ಜನಪ್ರಿಯ ಹೆಸರಾದರೂ ಈ ಬರಹಗಳಲ್ಲಿ ಕಾಣುವುದಿಲ್ಲ. ಹೊಯ್ಸಳ ಶಿಲ್ಪಕ್ಕೆ ಮನ್ನಣೆಯಾಗಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅರಸೀಕೆರೆಯ ದೇವಾಲಯ ಅದರಲ್ಲಿಲ್ಲ.