ಅದಿರಿನಿಂದ ಗಟ್ಟಿಗೆ: ಒಂದು ಸಾಲಿನ ಆಜ್ಞೆಯ ಕಥೆ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಸರ್, ಹಟ್ಟಿಯ ಆ ಕಪ್ಪು ಪರದೆ ನೆನಪಿದೆಯೇ?" ಎಂದು ಕೇಳಿ ನಕ್ಕನು. ಮರೆಯುವಂತಹ ಸಂಗತಿ ಅದಲ್ಲ. ಅದನ್ನು ಬರೆದಿಡಬೇಕೆಂದು ಅಂದೇ ನಿಶ್ಚಯಿಸಿದೆ. ಆದರೆ ಇತಿಹಾಸ ಪಾಠ ಮಾಡಿದವನಿಗೆ ಹಿನ್ನೆಲೆ ಹೇಳದೆ ಕಥೆಗೆ ಇಳಿಯುವುದು ಸಾಧ್ಯವಿಲ್ಲ. ಆದ್ದರಿಂದ ತುಸು ಸಹನೆಯಿರಲಿ.

ಹಟ್ಟಿಯಲ್ಲಿ ಬೆಳೆದವರಿಗೆ ಅದಿರಿಗೂ ಚಿನ್ನಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ಒಂದು ಟನ್ ಅದಿರಿನಲ್ಲಿ ಅಡಗಿರುವ ಚಿನ್ನ ಕೆಲವೇ ಗ್ರಾಂ. ಅದನ್ನು ಮೇಲೆ ತಂದು, ಒಡೆದು, ಅರೆದು, ಸಯನೈಡ್ ದ್ರಾವಣದಲ್ಲಿ ಸಂಸ್ಕರಿಸಿ, ಕರಗಿಸಿ ಗಟ್ಟಿ ಮಾಡಬೇಕು. ಗಣಕಯಂತ್ರದ ತಂತ್ರಾಂಶಕ್ಕೂ ಇಂತಹ ಎರಡು ಅವಸ್ಥೆಗಳಿವೆ. ಮನುಷ್ಯನು ಓದಿ ತಿದ್ದಬಹುದಾದ ಮೂಲ ಬರಹ ಒಂದು. ಅದನ್ನು ಯಂತ್ರವು ನೇರವಾಗಿ ನಡೆಸಬಲ್ಲ ರೂಪಕ್ಕೆ ತಂದ ಸಿದ್ಧ ಕಡತ ಇನ್ನೊಂದು. ಎರಡನೆಯದನ್ನು ಬೈನರಿ ಎನ್ನುತ್ತಾರೆ. 1990ರ ದಶಕದ ಆರಂಭದಲ್ಲಿ ಲಿನಕ್ಸ್ ಬಳಸುತ್ತಿದ್ದವರು ಅನೇಕ ವೇಳೆ ಮೂಲ ಬರಹವನ್ನೇ ತಂದು, ತಮ್ಮ ಯಂತ್ರದಲ್ಲಿ ತಾವೇ ಸಂಸ್ಕರಿಸಿಕೊಳ್ಳಬೇಕಾಗಿತ್ತು. ಮನೆಯಲ್ಲೊಂದು ಚಿನ್ನದ ಗಿರಣಿ ನಡೆಸಿದ ಹಾಗೆ!

ಈ ಕಷ್ಟಕ್ಕೆ ಪರಿಹಾರವಾಗಿ ಬಂದದ್ದು ಪ್ಯಾಕೇಜು. 1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಎಂಬ ತರುಣನು ಡೆಬಿಯನ್ ಎಂಬ ಯೋಜನೆಯನ್ನು ಪ್ರಕಟಿಸಿದನು. ಡೆಬ್ರಾ ಎಂಬ ಗೆಳತಿಯ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಅದಕ್ಕೆ ನಾಮಕರಣ ಮಾಡಿದನು. 1994ರಲ್ಲಿ ಇಯಾನ್ ಜಾಕ್ಸನ್ ಎಂಬಾತನು ಅದಕ್ಕಾಗಿ ಡಿಪಿಕೆಜಿ ಎಂಬ ಸಾಧನವನ್ನು ಹೊಸದಾಗಿ ರೂಪಿಸಿದನು. ಸಿದ್ಧ ಕಡತಗಳ ಒಂದು ಕಟ್ಟು, ಅದರೊಡನೆ ಒಂದು ವಿವರಪಟ್ಟಿ: ಇದರ ಹೆಸರೇನು, ಎಷ್ಟನೆಯ ಆವೃತ್ತಿ, ಇದು ನಡೆಯಲು ಬೇರೆ ಯಾವ ಕಟ್ಟುಗಳು ಬೇಕು. ಇಷ್ಟೇ ಅದರ ಸ್ವರೂಪ. ರೆಡ್ ಹ್ಯಾಟ್ ಸಂಸ್ಥೆಯ ಆರ್‌ಪಿಎಂ 1995ರಲ್ಲಿ ಬಂದಿತು.

ಆದರೆ ಡಿಪಿಕೆಜಿಗೆ ಒಂದು ಮಿತಿಯಿತ್ತು. "ಇದಕ್ಕೆ ಇಂತಹ ಕಟ್ಟು ಬೇಕು" ಎಂದು ದೂರುವುದಷ್ಟೇ ಅದಕ್ಕೆ ಗೊತ್ತು. ಹುಡುಕಿ ತರುವ ಕೆಲಸ ನಮ್ಮದು. ಒಂದನ್ನು ತಂದರೆ ಅದು ಇನ್ನೊಂದನ್ನು ಕೇಳುವುದು, ಆ ಇನ್ನೊಂದು ಮತ್ತೊಂದನ್ನು. ಈ ಸರಪಳಿಯನ್ನು ತಾನೇ ಬಿಡಿಸಿ, ಬೇಕಾದುದನ್ನೆಲ್ಲ ಕ್ರಮವಾಗಿ ತರುವ ಸಾಧನವೇ ಆಪ್ಟ್. 1999ರ ಮಾರ್ಚ್‌ನಲ್ಲಿ ಬಂದ ಡೆಬಿಯನ್ 2.1ರಲ್ಲಿ ಅದು ಸೇರಿತು. "ಆಪ್ಟ್-ಗೆಟ್ ಇನ್‌ಸ್ಟಾಲ್" ಎಂದು ಟೈಪಿಸಿ ಬೇಕಾದುದರ ಹೆಸರು ಹೇಳಿದರೆ ಸಾಕು. ಅಪ್ಪಣೆ ಒಂದೇ ಸಾಲು.

ಆಪ್ಟ್ ತಂದ ಕಟ್ಟು ನಂಬಲರ್ಹವೆಂದು ತಿಳಿಯುವುದು ಹೇಗೆ? ಇಲ್ಲಿ ನನಗೆ ನಮ್ಮ ಮಸ್ಕಿಯ ನೆನಪಾಗುತ್ತದೆ. ದೇವಾನಾಂಪ್ರಿಯ ಎಂಬ ಬಿರುದಿನ ಶಾಸನಗಳು ದೇಶದ ಹಲವೆಡೆ ದೊರೆತಿದ್ದರೂ ಅವುಗಳಲ್ಲಿ ಅರಸನ ಹೆಸರಿರಲಿಲ್ಲ. ಚಿನ್ನದ ಗಣಿಯ ಎಂಜಿನಿಯರ್ ಆಗಿದ್ದ ಬೀಡನ್ 1915ರಲ್ಲಿ ಮಸ್ಕಿಯ ಶಾಸನವನ್ನು ಕಂಡುಹಿಡಿದಾಗ ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅಪ್ಪಣೆ ಯಾರದೆಂಬುದು ಸ್ಥಿರವಾಯಿತು. ಆಪ್ಟ್ ಕೂಡ ಕಟ್ಟುಗಳ ಪಟ್ಟಿಯ ಮೇಲಿನ ಗುಪ್ತಲಿಪಿಯ ಸಹಿಯನ್ನು ಪರೀಕ್ಷಿಸುತ್ತದೆ. 2007ರ ಏಪ್ರಿಲ್‌ನ ಡೆಬಿಯನ್ 4.0ರಿಂದ ಈ ವ್ಯವಸ್ಥೆ ಅದರ ಅಂಗವಾಯಿತು. ಹೆಸರಿಲ್ಲದ ಅಪ್ಪಣೆಯನ್ನು ಅದು ಸುಮ್ಮನೆ ಒಪ್ಪುವುದಿಲ್ಲ.

ಇನ್ನು ನಮ್ಮ ಕಥೆ. ಡೆಬಿಯನ್ನಿನ ಆಧಾರದ ಮೇಲೆ 2004ರ ಅಕ್ಟೋಬರ್‌ನಲ್ಲಿ ಉಬುಂಟು ಹುಟ್ಟಿತು. ಕೇಳಿದವರಿಗೆ ಅದರ ಸಿ.ಡಿ.ಯನ್ನು ಅಂಚೆಯಲ್ಲಿ ಉಚಿತವಾಗಿ ಕಳಿಸುತ್ತಿದ್ದ ಕಾಲವೊಂದಿತ್ತು. 2011ರಲ್ಲಿ ಅದು ನಿಂತಿತು. ಅದೇ ವರ್ಷದಿಂದ ನಮ್ಮ ರಾಜ್ಯದ ಪ್ರೌಢಶಾಲಾ ಶಿಕ್ಷಕರಿಗೆ ವಿಷಯ ಶಿಕ್ಷಕರ ವೇದಿಕೆಯ ಹೆಸರಿನಲ್ಲಿ ನಡೆದ ತರಬೇತಿಗಳಲ್ಲಿ ಉಬುಂಟುವನ್ನೇ ಕಲಿಸಿದರು. ನಾನೂ ಕಲಿತು ಬಂದೆ. ಶಾಲೆಯ ಹತ್ತು ಯಂತ್ರಗಳಲ್ಲಿ ಅದನ್ನು ಹಾಕಿದೆವು. ಪರವಾನಗಿಗೆ ಹಣ ಕೊಡಬೇಕಿಲ್ಲ, ಕನ್ನಡದ ಅಕ್ಷರಗಳು ಒಂದೇ ಆಜ್ಞೆಗೆ ಬಂದು ಕೂರುತ್ತವೆ. ಮಕ್ಕಳು ತಮ್ಮ ತಮ್ಮ ಊರಿನ ಇತಿಹಾಸವನ್ನು ಕನ್ನಡದಲ್ಲಿ ಟೈಪಿಸತೊಡಗಿದರು. ಅಜ್ಜಂದಿರನ್ನು ಕೇಳಿ ಬರೆದ ಗಣಿಯ ನೆನಪುಗಳು, ಮಸ್ಕಿಯ ಶಾಸನ, ಜಾತ್ರೆ, ಬರಗಾಲ, ಎಲ್ಲವೂ ಅದರಲ್ಲಿದ್ದವು.

ಒಂದು ಶನಿವಾರ ಯಂತ್ರವೊಂದರಲ್ಲಿ ಜಾಗ ಕಡಿಮೆಯಾಗಿತ್ತು. ಬೇಡವಾದುದನ್ನು ತೆಗೆಯೋಣವೆಂದು ಪಟ್ಟಿ ನೋಡಿದೆ. ಪೈಥಾನ್ ಎಂದು ಒಂದು ಹೆಸರು ಕಂಡಿತು. ನಾವು ಅದನ್ನು ಕಲಿಸುವುದಿಲ್ಲವಲ್ಲ, ಈ ಹೆಬ್ಬಾವು ನಮಗೇಕೆ ಎಂದುಕೊಂಡು ತೆಗೆಯಲು ಆಜ್ಞೆ ಕೊಟ್ಟೆ. ಪರದೆಯ ತುಂಬ ಹೆಸರುಗಳು ಸುರಿದವು. ಕೊನೆಯಲ್ಲಿ, ಮುಂದುವರಿಯಲೇ ಎಂಬ ಪ್ರಶ್ನೆ. ಓದದೆ "ವೈ" ಒತ್ತಿದೆ. ಉಬುಂಟುವಿನ ಎಷ್ಟೋ ಭಾಗಗಳು ಪೈಥಾನನ್ನೇ ನಂಬಿ ನಿಂತಿದ್ದವು. ಅದರ ಹಿಂದೆ ಅವೂ ಹೊರಟುಹೋದವು. ಮರುಪ್ರಾರಂಭಿಸಿದಾಗ ಚಿತ್ರಗಳಿಲ್ಲ, ಕಿಟಕಿಗಳಿಲ್ಲ. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ಮಾತ್ರ.

ಪಕ್ಕದಲ್ಲಿ ನಿಂತಿದ್ದ ಎಂಟನೆಯ ತರಗತಿಯ ಹುಡುಗಿ ಮೆಲ್ಲನೆ ಕೇಳಿದಳು: "ಸರ್, ನಮ್ಮ ಬರಹ ಹೋಯಿತೇ?" ತೀರಿಹೋಗಿದ್ದ ಅವಳ ಅಜ್ಜನ ಮಾತುಗಳು ಆ ಯಂತ್ರದಲ್ಲಿ ಮಾತ್ರ ಇದ್ದವು. ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ನಿದ್ರೆ ಬರಲಿಲ್ಲ.

ಬೆಂಗಳೂರಿನಲ್ಲಿದ್ದ ಈ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದೆ. "ಸರ್, ಇನ್ನೇನನ್ನೂ ಒತ್ತಬೇಡಿರಿ" ಎಂದನು. ಮುಂದಿನ ಭಾನುವಾರ ಪ್ಯಾಕೇಜುಗಳನ್ನು ತುಂಬಿಕೊಂಡ ಹಾರ್ಡ್ ಡಿಸ್ಕಿನೊಡನೆ ಬಂದನು. ಅವನು ಮೊದಲು ತೆರೆದದ್ದು ಆಪ್ಟ್ ಬರೆದಿಡುವ ದಿನಚರಿಯ ಕಡತವನ್ನು. ಅದರ ಹೆಸರೇ ಹಿಸ್ಟರಿ! ಯಾವ ದಿನ, ಯಾವ ಗಳಿಗೆಯಲ್ಲಿ, ಯಾವ ಆಜ್ಞೆಯಿಂದ, ಏನೇನು ಹೋಯಿತೆಂಬುದೆಲ್ಲ ಅಲ್ಲಿ ದಾಖಲಾಗಿತ್ತು. "ಆಕರವಿಲ್ಲದೆ ಇತಿಹಾಸವಿಲ್ಲ ಎಂದು ನೀವೇ ಹೇಳಿದ್ದಿರಲ್ಲ ಸರ್" ಎಂದನು. ಆ ಪಟ್ಟಿಯನ್ನು ಹಿಡಿದು ಹೋದವುಗಳನ್ನೆಲ್ಲ ಮರಳಿ ಕರೆದನು. ಮಧ್ಯಾಹ್ನದ ಹೊತ್ತಿಗೆ ಪರದೆ ಬೆಳಗಿತು. ಮಕ್ಕಳ ಬರಹಗಳು ಒಂದಕ್ಷರವೂ ಕೆಡದೆ ಇದ್ದವು. ಬಳಕೆದಾರರ ಸ್ವಂತ ಕಡತಗಳಿರುವ ಹೋಮ್ ಎಂಬ ಕೋಶವನ್ನು ಆಪ್ಟ್ ಮುಟ್ಟುವುದಿಲ್ಲವೆಂದು ಆಗ ತಿಳಿಯಿತು.

ಹೊರಡುವ ಮುನ್ನ ಅವನು ಇನ್ನೊಂದು ಉಪಾಯ ಹೇಳಿಕೊಟ್ಟನು. ಆಪ್ಟ್-ಗೆಟ್ ತಂದ ಕಟ್ಟುಗಳು ಯಂತ್ರದ ಉಗ್ರಾಣದಲ್ಲಿ ಉಳಿದಿರುತ್ತವೆ. ಒಂದು ಯಂತ್ರಕ್ಕೆ ತಂದದ್ದನ್ನು ಪೆನ್ ಡ್ರೈವಿನಲ್ಲಿ ಉಳಿದ ಒಂಬತ್ತಕ್ಕೂ ಒಯ್ಯಬಹುದು. ಆಮೆಗತಿಯ ಅಂತರ್ಜಾಲದ ನಮಗೆ ಅದೊಂದು ವರವಾಯಿತು. 2014ರಲ್ಲಿ ಬಂದ, ಬರಿಯ "ಆಪ್ಟ್" ಎಂಬ ಚಿಕ್ಕ ಆಜ್ಞೆಯು 2016ರಿಂದ ಈಚೆಗೆ ಕೆಲಸ ಮುಗಿದೊಡನೆ ಆ ಕಟ್ಟುಗಳನ್ನು ಅಳಿಸಿಬಿಡುತ್ತದೆ. ಹಳ್ಳಿಯ ಶಾಲೆಗಳಲ್ಲಿರುವ ನನ್ನ ಶಿಷ್ಯರು ಇದನ್ನು ಗಮನಿಸಬೇಕು.

ಮರುದಿನ ಆ ಹುಡುಗಿ ತನ್ನ ಅಜ್ಜನ ಪುಟವನ್ನು ತೆರೆದು, ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿ, ಅದರ ಪ್ರತಿಯೊಂದನ್ನು ಪಕ್ಕದ ಯಂತ್ರದಲ್ಲಿಯೂ ಇಟ್ಟಳು. ನಾನು ಹೇಳಿಕೊಡಬೇಕಾಗಿದ್ದ ಪಾಠವನ್ನು ಅವಳು ತಾನೇ ಕಲಿತಿದ್ದಳು. ನಾನು ಕಲಿತದ್ದು ಇಷ್ಟು: ಒಂದೇ ಸಾಲಿನಲ್ಲಿ ಅಪ್ಪಣೆ ಕೊಡುವವನು, ಅದರ ಕೆಳಗೆ ಬರುವ ನೂರು ಸಾಲುಗಳನ್ನು ಓದಿಯೇ "ಹೌದು" ಎನ್ನಬೇಕು.