ವಿಷ ಮರಳಿದ ಹಾದಿ

ನೈಜೀರಿಯದ ದಕ್ಷಿಣ ಭಾಗದಲ್ಲಿ, ಬೆನಿನ್ ನದಿಯ ದಡದ ಮೇಲೆ ಕೊಕೊ ಎಂಬ ಸಣ್ಣ ಬಂದರು ಇದೆ. ತಾಳೆ ಎಣ್ಣೆಯ ವ್ಯಾಪಾರದಲ್ಲಿ ದೊಡ್ಡ ಹೆಸರು ಮಾಡಿ, 1894ರಲ್ಲಿ ಬ್ರಿಟಿಷರ ನೌಕಾಪಡೆಗೆ ಎದುರುನಿಂತ ಇತ್ಸೆಕಿರಿ ನಾಯಕ ನಾನಾ ಒಲೊಮು, ಗಡೀಪಾರಿನಿಂದ ಮರಳಿದ ಮೇಲೆ ತನ್ನ ಕೊನೆಯ ವರ್ಷಗಳನ್ನು ಕಳೆದದ್ದು ಈ ಊರಿನಲ್ಲಿ. 1987ರಲ್ಲಿ ಅದೇ ಬಂದರಿಗೆ ಇಟಲಿಯಿಂದ ಹಡಗುಗಳು ಬರತೊಡಗಿದವು. ಅವು ತಂದಿಳಿಸಿದ ಪೀಪಾಯಿಗಳು ಒಬ್ಬ ಊರಿನವನ ಹಿತ್ತಲನ್ನು ತುಂಬಿದವು. ಆ ಜಾಗಕ್ಕೆ ಗೊತ್ತಾಗಿದ್ದ ಬಾಡಿಗೆ ತಿಂಗಳಿಗೆ ಸುಮಾರು ನೂರು ಡಾಲರು. ಕಟ್ಟಡ ಕೆಲಸಕ್ಕೆ ಬೇಕಾದ ಸರಕು ಎಂದು ಕಾಗದದಲ್ಲಿ ಬರೆದಿತ್ತು. ಒಳಗಿದ್ದದ್ದು ಯುರೋಪಿನ ಕಾರ್ಖಾನೆಗಳ ವಿಷಕಸ, ಒಟ್ಟು 3,800 ಟನ್ನಿನಷ್ಟು. ಬಿಸಿಲಿಗೆ ಪೀಪಾಯಿಗಳು ಉಬ್ಬಿದವು, ಸೋರಿದವು. ಕೆಲವರು ಅವುಗಳನ್ನು ಬರಿದು ಮಾಡಿ, ತೊಳೆದು, ಮನೆಯಲ್ಲಿ ನೀರು ತುಂಬಿಡಲು ಒಯ್ದರು.

ಈ ಸಂಗತಿಯನ್ನು ಬಯಲಿಗೆಳೆದವರು ಅಧಿಕಾರಿಗಳಲ್ಲ. ಇಟಲಿಯಲ್ಲಿ ಓದುತ್ತಿದ್ದ ನೈಜೀರಿಯದ ವಿದ್ಯಾರ್ಥಿಗಳು ಅಲ್ಲಿನ ಪತ್ರಿಕೆಗಳಲ್ಲಿ ಇದನ್ನು ಕಂಡು ತಾಯ್ನಾಡಿನ ಪತ್ರಿಕೆಗಳಿಗೆ ಕಾಗದ ಬರೆದರು. 1988ರ ಜೂನ್‌ನಲ್ಲಿ ಲಾಗೋಸ್ ಕೆರಳಿ ನಿಂತಿತು. ನೈಜೀರಿಯ ರೋಮಿನಿಂದ ತನ್ನ ರಾಯಭಾರಿಯನ್ನು ಹಿಂದಕ್ಕೆ ಕರೆಸಿಕೊಂಡಿತು, ಇಟಲಿಯ ಒಂದು ಹಡಗನ್ನು ತಡೆದು ನಿಲ್ಲಿಸಿತು. ಹೊರಗಿನ ವಿಷವನ್ನು ನಾಡಿನೊಳಗೆ ತಂದವರಿಗೆ ಜೀವಾವಧಿ ಶಿಕ್ಷೆ ವಿಧಿಸುವ ಕಾನೂನೂ ಅದೇ ವರ್ಷ ಹೊರಬಿತ್ತು. ಕೊನೆಗೆ ಇಟಲಿ ತನ್ನ ಕಸವನ್ನು ತಾನೇ ತುಂಬಿಸಿಕೊಳ್ಳಬೇಕಾಯಿತು. ಆ ಪೀಪಾಯಿಗಳನ್ನು ಹೊತ್ತ 'ಕರೀನ್ ಬಿ' ಹಡಗನ್ನು ಸ್ಪೇನ್ ಒಲ್ಲೆನೆಂದಿತು, ಬ್ರಿಟನ್ ಒಲ್ಲೆನೆಂದಿತು, ಫ್ರಾನ್ಸೂ ಒಲ್ಲೆನೆಂದಿತು. ಆಫ್ರಿಕದ ಒಂದು ಹಿತ್ತಲಿಗೆ ಸಲ್ಲುತ್ತದೆಂದು ಎಣಿಸಿದ್ದ ಸರಕಿಗೆ ಯುರೋಪಿನ ಬಂದರುಗಳು ಬಾಗಿಲು ಹಾಕಿಕೊಂಡವು. ವಾರಗಟ್ಟಲೆ ಕಡಲಲ್ಲಿ ಸುತ್ತಿ ಹಡಗು ಇಟಲಿಗೇ ಮರಳಿತು.

ಆ ವರ್ಷ ಇಂಥದ್ದು ಇದೊಂದೇ ಆಗಿರಲಿಲ್ಲ. ಫಿಲಡೆಲ್ಫಿಯದ ಕಸ ಸುಟ್ಟ ಬೂದಿಯನ್ನು ಗೊಬ್ಬರವೆಂದು ಹೇಳಿ ಹೈಟಿಯ ಕಡಲತೀರದಲ್ಲಿ ಸುರಿದ 'ಕಿಯಾನ್ ಸೀ' ಹಡಗು, ಉಳಿದ ಬೂದಿಯೊಂದಿಗೆ ಹೆಸರು ಬದಲಿಸುತ್ತ ಸಮುದ್ರದಿಂದ ಸಮುದ್ರಕ್ಕೆ ಅಲೆಯುತ್ತಿತ್ತು.

1989ರ ಮಾರ್ಚ್ 22ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ರೂಪುಗೊಂಡ ಒಪ್ಪಂದಕ್ಕೆ ಈ ಹಡಗುಗಳೇ ಒತ್ತಾಯ ತಂದವು. ಪಡೆಯುವ ದೇಶ ಲಿಖಿತವಾಗಿ ಒಪ್ಪದೆ ಅಪಾಯಕಾರಿ ತ್ಯಾಜ್ಯ ಗಡಿ ದಾಟಕೂಡದೆಂದು ಅದು ವಿಧಿಸಿತು. ಆಫ್ರಿಕದ ರಾಜ್ಯಗಳಿಗೆ ಇಷ್ಟರಿಂದ ಸಮಾಧಾನವಾಗಲಿಲ್ಲ. ಬಡದೇಶದಲ್ಲಿ ಒಪ್ಪಿಗೆಯನ್ನು ಕೊಳ್ಳುವುದು ಎಷ್ಟು ಸುಲಭವೆಂದು ಕೊಕೊ ತೋರಿಸಿಕೊಟ್ಟಿತ್ತು. ಅವು 1991ರ ಜನವರಿಯಲ್ಲಿ ಮಾಲಿಯ ರಾಜಧಾನಿ ಬಮಾಕೊದಲ್ಲಿ ಸೇರಿ, ಖಂಡದೊಳಕ್ಕೆ ಅಂಥ ತ್ಯಾಜ್ಯ ಬರುವುದನ್ನೇ ಪೂರ್ತಿ ನಿಷೇಧಿಸಿದವು. ಈ ಚರಿತ್ರೆಯಲ್ಲಿ ಕಟ್ಟುನಿಟ್ಟಿನ ದಾರಿ ಹಾಕಿದವರು ವಿಷ ತಯಾರಿಸಿದವರಲ್ಲ, ಅದು ಯಾರ ಅಂಗಳಕ್ಕೆ ಬಂದು ಬಿತ್ತೋ ಅವರು. ಇದನ್ನು ಸಾಕಷ್ಟು ಗಟ್ಟಿಯಾಗಿ ಯಾರೂ ಹೇಳಿಲ್ಲವೆಂದು ನನಗೆ ಅನಿಸುತ್ತದೆ.

ಆದರೆ ಹೊರಗಿನ ಬಾಗಿಲು ಹಾಕಿದಾಗ ಒಳಗೆ ಆಗಲೇ ಕೂತಿದ್ದ ವಿಷದ ಗತಿಯೇನು? ಮರುಭೂಮಿಯ ಮಿಡತೆ ದಂಡು ಬಂದಾಗಲೆಲ್ಲ ದಾನಿ ದೇಶಗಳು ಕೀಟನಾಶಕವನ್ನು ಧಾರಾಳವಾಗಿ ಕಳಿಸಿದ್ದವು. 1986ರಿಂದ 1989ರವರೆಗಿನ ಹಾವಳಿಯಲ್ಲಂತೂ ಅದು ಹೊಳೆಯಾಗಿ ಹರಿದಿತ್ತು. ಮಳೆ ಹೋಗಿ, ಗಾಳಿ ತಿರುಗಿ ದಂಡು ಕರಗಿದರೆ ಡಬ್ಬಗಳು ಮುಚ್ಚಿದಂತೆಯೇ ಉಳಿದವು. ಹಿಂದೆ ಮಿಡತೆಗೆ ರಾಮಬಾಣವೆನಿಸಿದ್ದ ಡೀಲ್ಡ್ರಿನ್, ಒಮ್ಮೆ ಎರಚಿದರೆ ವಾರಗಟ್ಟಲೆ ಕೊಲ್ಲುತ್ತಿತ್ತು. ಆ ಗುಣಕ್ಕಾಗಿಯೇ ಮೆಚ್ಚಿದ ಜಗತ್ತು ಆ ಗುಣಕ್ಕಾಗಿಯೇ ಅದನ್ನು ತ್ಯಜಿಸಿತು. ನಿಷೇಧದ ಆಜ್ಞೆ ಹೊರಟ ದಿನ ಗೋದಾಮಿನಲ್ಲಿದ್ದ ಔಷಧಿ ಕಸವಾಯಿತು. ಅದನ್ನು ಎಲ್ಲಿಗೆ ಒಯ್ಯಬೇಕೆಂದು ಆಜ್ಞೆ ಹೇಳಲಿಲ್ಲ.

ಕನ್ನಡ ನಾಡಿನ ಅಂಚಿನ ಕಾಸರಗೋಡು ಇದೇ ಕಷ್ಟವನ್ನು ಉಂಡಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು 2000ದ ಕೊನೆಯ ಹೊತ್ತಿಗೆ ನಿಂತಿತು. ಉಳಿದ ದಾಸ್ತಾನು ತೋಟದ ಗೋದಾಮುಗಳಲ್ಲೇ ಕೊಳೆಯಿತು. ಹಳೆಯ ಪೀಪಾಯಿಗಳಿಂದ ಅದನ್ನು ಹೊಸವಕ್ಕೆ ತುಂಬುವ ಕೆಲಸ ನಡೆದದ್ದು 2012ರಲ್ಲಿ. ಅಷ್ಟರಲ್ಲಿ ಅಂಗವೈಕಲ್ಯ ಹೊತ್ತು ಹುಟ್ಟಿದ ಮಕ್ಕಳು ಆ ಊರುಗಳಲ್ಲಿ ದೊಡ್ಡವರಾಗಿದ್ದರು.

ಆಫ್ರಿಕದಲ್ಲಿ ಹಳೆಯ ದಾಸ್ತಾನನ್ನು ತೆರವು ಮಾಡುವ ಕೆಲಸಕ್ಕೆ ವ್ಯಾಪಕವಾಗಿ ಕೈಹಾಕಿದ್ದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ. 1994ರಿಂದ ಅದರ ತಜ್ಞರು ದೇಶದೇಶಗಳ ಉಗ್ರಾಣಗಳನ್ನು ಎಣಿಸತೊಡಗಿದರು. ಈ ಎಣಿಕೆಯೇ ಇಡೀ ವ್ಯವಸ್ಥೆಯ ಅಡಿಪಾಯ, ಅತಿ ಕಷ್ಟದ ಭಾಗವೂ ಹೌದು. ಚೀಟಿಗಳನ್ನು ಗೆದ್ದಲು ತಿಂದಿರುತ್ತದೆ. ಚೀಲ ಹರಿದು, ಒಂದರ ಪುಡಿ ಇನ್ನೊಂದರ ದ್ರವಕ್ಕೆ ಬೆರೆತಿರುತ್ತದೆ. ಉಸ್ತುವಾರಿಯ ಗುಮಾಸ್ತ ಮೂರು ಬಾರಿ ಬದಲಾಗಿರುತ್ತಾನೆ. ಪ್ರತಿ ಪೀಪಾಯಿಯಲ್ಲಿ ಏನಿದೆ, ಎಷ್ಟಿದೆ, ಎಷ್ಟು ಸೋರಿದೆ, ಬಾವಿ ಎಷ್ಟು ದೂರ, ಶಾಲೆ ಎಷ್ಟು ದೂರ, ಇವನ್ನೆಲ್ಲ ಬರೆದುಕೊಂಡು ಮೊದಲು ತೆರವಾಗಬೇಕಾದ ಜಾಗವನ್ನು ಗೊತ್ತುಮಾಡಬೇಕು. ಇಡೀ ಖಂಡದಲ್ಲಿ ಕೊಳೆಯುತ್ತಿದ್ದದ್ದು ಸುಮಾರು 50,000 ಟನ್ನೆಂದು ಅಂದಾಜಾಯಿತು.

ಇಥಿಯೋಪಿಯ ಮುಂದಾಗಿ ನಡೆಯಿತು. ಅಲ್ಲಿನವರೇ ತರಬೇತಿ ಪಡೆದು, ಮುಖವಾಡ ತೊಟ್ಟು, ಹಳೆಯ ವಿಷವನ್ನು ಸಾಗಣೆಗೆ ಯೋಗ್ಯವಾದ ಗಟ್ಟಿ ಡ್ರಮ್ಮುಗಳಿಗೆ ತುಂಬಿದರು. ದೇಶಕ್ಕೆ ಕಡಲತೀರವಿಲ್ಲದ್ದರಿಂದ ನೆರೆಯವರ ಬಂದರು ಬೇಕಾಯಿತು. ದಾರಿಯಲ್ಲಿ ಸಿಗುವ ದೇಶಗಳ ಲಿಖಿತ ಒಪ್ಪಿಗೆಯೂ ಬೇಕಾಯಿತು. ಕಳ್ಳಸಾಗಣೆ ತಡೆಯಲು ಬರೆದ ಬಾಸೆಲ್ಲಿನ ನಿಯಮ ಈಗ ವಿಷವನ್ನು ಸುರಕ್ಷಿತವಾಗಿ ಹೊರಗೊಯ್ಯುವ ರಹದಾರಿಯಾಯಿತು. 2000ದಿಂದ 2003ರ ಅವಧಿಯಲ್ಲಿ ಸುಮಾರು 1,500 ಟನ್ ವಿಷ ಫಿನ್ಲೆಂಡಿಗೆ ಹೋಗಿ, ಸಾವಿರ ಡಿಗ್ರಿಗೂ ಮಿಕ್ಕ ಉರಿಯ ಕುಲುಮೆಯಲ್ಲಿ ಬೂದಿಯಾಯಿತು. ಕೊಕೊ ಹಿತ್ತಲಿಗೆ ತಿಂಗಳಿಗೆ ನೂರು ಡಾಲರು ತೆತ್ತಿದ್ದ ಲೋಕ, ಹೀಗೆ ಒಯ್ದು ಸುಡುವುದಕ್ಕೆ ಟನ್ನಿಗೆ ಮೂರು ಸಾವಿರ ಡಾಲರಿಗೂ ಮೀರಿ ತೆರಬೇಕೆಂದು ಕಲಿಯಿತು. 2005ರಲ್ಲಿ ಆಫ್ರಿಕ ದಾಸ್ತಾನು ಯೋಜನೆ ಆರಂಭವಾದಾಗ ಇಥಿಯೋಪಿಯದೊಂದಿಗೆ ಮಾಲಿ, ಮೊರಾಕೊ, ನೈಜೀರಿಯ, ದಕ್ಷಿಣ ಆಫ್ರಿಕ, ತಾಂಜಾನಿಯ, ಟುನೀಸಿಯಗಳು ಮೊದಲ ಸಾಲಿನಲ್ಲಿ ನಿಂತವು. ತೆರವಿನ ಜೊತೆಗೆ ಹೊಸ ದಾಸ್ತಾನು ಬೆಳೆಯದಂತೆ ಖರೀದಿ, ದಾನ, ಉಗ್ರಾಣಗಳಿಗೆ ಕಟ್ಟಳೆ ಮಾಡುವುದೂ ಆ ಯೋಜನೆಯ ಭಾಗವಾಗಿತ್ತು.

ಆ ಕಲಿಕೆ ಮುಂದೆ ಪರೀಕ್ಷೆಗೆ ಬಂತು. 2003ರಿಂದ 2005ರ ಮಿಡತೆ ಹಾವಳಿ ಕಳೆದ ಮೇಲೆ ಪಶ್ಚಿಮ ಆಫ್ರಿಕದಲ್ಲಿ ಮತ್ತೆ ಕೀಟನಾಶಕ ಮಿಕ್ಕಿತು. ಈ ಬಾರಿ ಅದನ್ನು ಹಳೆಯ ರೀತಿಯಲ್ಲಿ ಮೂಲೆಗೆ ನೂಕಲಿಲ್ಲ. ಯಾವ ಉಗ್ರಾಣದಲ್ಲಿ ಎಷ್ಟಿದೆ, ಯಾವಾಗ ಅವಧಿ ಮುಗಿಯುತ್ತದೆ ಎಂಬ ಲೆಕ್ಕ ಈಗ ಕೈಯಲ್ಲಿತ್ತು. ಒಂದು ದೇಶದಲ್ಲಿ ಮಿಕ್ಕದ್ದನ್ನು ಅವಧಿ ಮುಗಿಯುವ ಮೊದಲೇ ಬೇಕಾದ ಇನ್ನೊಂದು ದೇಶಕ್ಕೆ ದಾಟಿಸುವ ಪದ್ಧತಿಯನ್ನು ಆಹಾರ ಮತ್ತು ಕೃಷಿ ಸಂಸ್ಥೆ ಬೆಳೆಸಿತು. 2013ರಲ್ಲಿ ಮಡಗಾಸ್ಕರಿನ ಹೊಲಗಳ ಮೇಲೆ ಮಿಡತೆ ಎರಗಿದಾಗ ಮೊರಾಕೊ, ಮಾರಿಟೇನಿಯಗಳು ತಮ್ಮಲ್ಲಿದ್ದ ಹೆಚ್ಚುವರಿ ದಾಸ್ತಾನನ್ನು ಅಲ್ಲಿಗೆ ಬಿಟ್ಟುಕೊಟ್ಟವು.